ಸಂಧಿವಾತದ ರಕ್ತಪರೀಕ್ಷೆ: ಯಾವ ಅಂಕಿ ಯಾವ ಪ್ರಶ್ನೆಗೆ ಉತ್ತರ?

ರುಮಟಾಯ್ಡ್ ಆರ್ಥ್ರೈಟಿಸ್ ಎಂದು ವೈದ್ಯರು ಕರೆಯುವ, ಕನ್ನಡದಲ್ಲಿ ಸಂಧಿವಾತ ಎಂಬ ಹೆಸರಿನಿಂದ ಪರಿಚಿತವಾದ ಕಾಯಿಲೆಯು, ಸೋಂಕುಗಳಿಂದ ದೇಹವನ್ನು ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವುದರಿಂದ ಉಂಟಾಗುತ್ತದೆ. ಕೆರಳಿದ ಒಳಪೊರೆ ದಪ್ಪಗಾಗಿ, ಕೀಲಿನಲ್ಲಿ ನೀರು ತುಂಬಿ, ಕಾಲಾಂತರದಲ್ಲಿ ಮೃದ್ವಸ್ಥಿಯನ್ನೂ ಮೂಳೆಯ ಅಂಚನ್ನೂ ಕೊರೆಯತೊಡಗುತ್ತದೆ. ಬೆರಳ ಬುಡದ ಗೆಣ್ಣುಗಳು ಊದಿಕೊಳ್ಳುವುದು, ಬೆಳಗ್ಗೆ ಎದ್ದ ಮೇಲೆ ಮುಷ್ಟಿ ಕಟ್ಟಲಾಗದಂಥ ಬಿಗಿತ ಅರ್ಧ ಗಂಟೆಗೂ ಹೆಚ್ಚು ಹೊತ್ತು ಉಳಿಯುವುದು ಇದರ ಗುರುತುಗಳಾಗಿದ್ದು, ವಯಸ್ಸಿನೊಂದಿಗೆ ಮಂಡಿ ಸವೆದು ಬರುವ ನೋವಿಗೂ ಇದಕ್ಕೂ ಸಂಬಂಧವಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ ಕಾಣಿಸುವ ಈ ಕಾಯಿಲೆಗೆ ವರ್ಷಗಟ್ಟಲೆ ಔಷಧ ಬೇಕಾಗುವುದರಿಂದ, ರಕ್ತಪರೀಕ್ಷೆಯೂ ವರ್ಷಗಟ್ಟಲೆ ಬೆನ್ನಿಗಿರುತ್ತದೆ. ಮನೆಯ ಬೀರುವಿನಲ್ಲಿ ಲ್ಯಾಬ್ ರಿಪೋರ್ಟುಗಳ ಕಂತೆ ಬೆಳೆಯುತ್ತ ಹೋಗುತ್ತದೆ.

ಈ ರಿಪೋರ್ಟುಗಳಲ್ಲಿ ದಪ್ಪಕ್ಷರದಲ್ಲಿ ಮುದ್ರಿತವಾದ ಅಂಕಿ ಕಂಡೊಡನೆ ರೋಗಿಗಳು ಗಾಬರಿಯಾಗುವುದು ಸಹಜವಾದರೂ, ಪಕ್ಕದ ಕಲಮಿನಲ್ಲಿರುವ 'ಸಾಮಾನ್ಯ ಮಿತಿ' ಎಂಬುದರ ಅರ್ಥವನ್ನು ಮೊದಲು ತಿಳಿಯಬೇಕು. ಬಹುಪಾಲು ಪರೀಕ್ಷೆಗಳಲ್ಲಿ, ಆರೋಗ್ಯವಂತರ ಒಂದು ಗುಂಪಿನ ರಕ್ತ ಪರೀಕ್ಷಿಸಿ, ಅವರಲ್ಲಿ ನೂರಕ್ಕೆ 95 ಮಂದಿಯ ಫಲಿತಾಂಶ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅದನ್ನೇ ಮಿತಿಯೆಂದು ಗೊತ್ತುಮಾಡಲಾಗುತ್ತದೆ. ಹಾಗೆಂದರೆ ಯಾವ ಕಾಯಿಲೆಯೂ ಇಲ್ಲದವರಲ್ಲೂ ಇಪ್ಪತ್ತರಲ್ಲೊಬ್ಬರ ಅಂಕಿ ಮಿತಿಯ ಹೊರಗೆ ಬೀಳುತ್ತದೆ, ಮತ್ತು ಒಂದೇ ಸಲ ಇಪ್ಪತ್ತು ಬಗೆಯ ಪರೀಕ್ಷೆ ಮಾಡಿಸಿದರೆ ಒಂದೆರಡು ಅಂಕಿಗಳು ದಪ್ಪಕ್ಷರದಲ್ಲಿ ಬರುವುದು ಅಚ್ಚರಿಯ ವಿಷಯವೇನಲ್ಲ.

ಇದಕ್ಕಿಂತ ದೊಡ್ಡ ಗೊಂದಲಕ್ಕೆ ಕಾರಣ ಬೇರೊಂದಿದೆ. ಸಂಧಿವಾತದ ರೋಗಿಯ ರಿಪೋರ್ಟಿನಲ್ಲಿ ಒಂದರ ಕೆಳಗೊಂದು ಸಾಲಾಗಿ ನಿಂತ ಅಂಕಿಗಳು ಒಂದೇ ಪ್ರಶ್ನೆಗೆ ಉತ್ತರಿಸುವುದಿಲ್ಲ. ಕೆಲವು ಅಂಕಿಗಳು 'ಇದು ಯಾವ ಕಾಯಿಲೆ' ಎಂಬುದಕ್ಕೂ, ಕೆಲವು 'ಅದು ಈಗ ಎಷ್ಟು ಕೆರಳಿದೆ' ಎಂಬುದಕ್ಕೂ, ಉಳಿದವು 'ಸೇವಿಸುತ್ತಿರುವ ಔಷಧವನ್ನು ದೇಹ ತಾಳಿಕೊಳ್ಳುತ್ತಿದೆಯೇ' ಎಂಬುದಕ್ಕೂ ಸಂಬಂಧಿಸಿವೆ. ಒಂದರ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದಾಗ ಇಲ್ಲದ ಭಯವೂ ಸಲ್ಲದ ಸಮಾಧಾನವೂ ಹುಟ್ಟುತ್ತವೆ.

ಮೊದಲ ಗುಂಪಿನಲ್ಲಿ ಹಳೆಯದು ರುಮಟಾಯ್ಡ್ ಫ್ಯಾಕ್ಟರ್, ಲ್ಯಾಬುಗಳ ಮಾತಿನಲ್ಲಿ 'ಆರ್‌ಎ ಫ್ಯಾಕ್ಟರ್'. ನಾರ್ವೆಯ ಎರಿಕ್ ವಾಲರ್ 1940ರಲ್ಲಿ, ಅಮೆರಿಕದ ಹ್ಯಾರಿ ರೋಸ್ ಮತ್ತು ಸಂಗಡಿಗರು 1948ರಲ್ಲಿ, ಸಂಧಿವಾತದ ರೋಗಿಗಳ ರಕ್ತದ್ರವವು ಪ್ರತಿಕಾಯ ಲೇಪಿಸಿದ ಕುರಿಯ ರಕ್ತಕಣಗಳನ್ನು ಗಂಟುಕಟ್ಟಿಸುವುದನ್ನು ಗಮನಿಸಿದ್ದರಿಂದ ಈ ಪರೀಕ್ಷೆ ಬಳಕೆಗೆ ಬಂತು. ಪ್ರತಿಕಾಯವೆಂದರೆ ರೋಗಾಣುಗಳನ್ನು ಹಿಡಿಯಲು ದೇಹ ತಯಾರಿಸುವ ಪ್ರೊಟೀನು. ರುಮಟಾಯ್ಡ್ ಫ್ಯಾಕ್ಟರ್ ಎಂಬುದು ದೇಹದ ಸ್ವಂತ ಪ್ರತಿಕಾಯಗಳಿಗೇ ಅಂಟಿಕೊಳ್ಳುವ ಇನ್ನೊಂದು ಪ್ರತಿಕಾಯ. ಸಂಧಿವಾತವಿರುವವರಲ್ಲಿ ಸುಮಾರು ಶೇಕಡಾ 70ರಿಂದ 80 ಮಂದಿಯಲ್ಲಿ ಇದು ಪತ್ತೆಯಾಗುತ್ತದೆ. ತೊಡಕು ಏನೆಂದರೆ ಹೆಪಟೈಟಿಸ್ ಸಿ, ಕ್ಷಯ, ಕುಷ್ಠ, ಹೃದಯದ ಒಳಪೊರೆಯ ಸೋಂಕು, ಕಣ್ಣು ಬಾಯಿ ಒಣಗಿಸುವ ಶೋಗ್ರೆನ್ ಕಾಯಿಲೆ ಮುಂತಾದವುಗಳಲ್ಲೂ, ಅಷ್ಟೇ ಅಲ್ಲದೆ ಏನೂ ಇಲ್ಲದ ಆರೋಗ್ಯವಂತರಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ, ಇದು ಕಾಣಿಸಿಕೊಳ್ಳುತ್ತದೆ.

ಈ ತೊಡಕಿನ ತೂಕ ಲೆಕ್ಕ ಹಾಕಿದಾಗ ಮಾತ್ರ ತಿಳಿಯುತ್ತದೆ. ದೆಹಲಿ ಸಮೀಪದ ಬಲ್ಲಭಗಢ ಭಾಗದ ಹಳ್ಳಿಗಳಲ್ಲಿ ಎ. ಎನ್. ಮಾಳವೀಯ ಮತ್ತು ಸಂಗಡಿಗರು ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸಂಧಿವಾತದ ಪ್ರಮಾಣ ಶೇಕಡಾ 0.75. ಇದರಂತೆ ಸಾವಿರ ವಯಸ್ಕರಲ್ಲಿ ರೋಗಿಗಳು ಏಳೆಂಟು ಮಂದಿ, ಅವರಲ್ಲಿ ಆರ್‌ಎ ಫ್ಯಾಕ್ಟರ್ 'ಪಾಸಿಟಿವ್' ಬರುವವರು ಐದಾರು ಮಂದಿ. ಉಳಿದ ಒಂಬೈನೂರ ತೊಂಬತ್ತು ಚಿಲ್ಲರೆ ಜನರಲ್ಲಿ ಬರೀ ಶೇಕಡಾ 5ರಷ್ಟು ಮಂದಿಗೆ ಈ ಪ್ರತಿಕಾಯವಿದೆಯೆಂದು ಹಿಡಿದರೂ ಅವರ ಸಂಖ್ಯೆ ಐವತ್ತರ ಹತ್ತಿರ ಹೋಗುತ್ತದೆ. ಅಂದರೆ, ಲಕ್ಷಣಗಳನ್ನು ನೋಡದೆ ಎಲ್ಲರಿಗೂ ಈ ಪರೀಕ್ಷೆ ಮಾಡಿಸಿದರೆ, ಪಾಸಿಟಿವ್ ಬಂದ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಸಂಧಿವಾತವೇ ಇರುವುದಿಲ್ಲ. ಸೊಂಟನೋವಿಗೋ ಮಂಡಿನೋವಿಗೋ 'ಆರ್ಥ್ರೈಟಿಸ್ ಪ್ರೊಫೈಲ್' ಎಂಬ ರಿಯಾಯಿತಿ ಪ್ಯಾಕೇಜನ್ನು ತಾವಾಗಿಯೇ ಮಾಡಿಸಿಕೊಂಡು, ಒಂದು ಪಾಸಿಟಿವ್ ನೋಡಿ ಜೀವನಪೂರ್ತಿ ಅಂಗವಿಕಲರಾಗುವೆವೆಂದು ನಿದ್ದೆಗೆಡುವವರಿಗೆ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಅಂಥ ಪ್ಯಾಕೇಜುಗಳಲ್ಲಿ ಬರುವ ಯೂರಿಕ್ ಆ್ಯಸಿಡ್ ಗೌಟ್ ಎಂಬ ಬೇರೆ ಕಾಯಿಲೆಗೂ, ಎಎಸ್‌ಒ ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿಗೂ ಸೇರಿದ್ದು. ಸಂಧಿವಾತವನ್ನು ಅವು ಹೇಳುವುದಿಲ್ಲ.

ಆಂಟಿ ಸಿಸಿಪಿ ಎಂಬ ಪರೀಕ್ಷೆ ಈ ಕೊರತೆಯನ್ನು ಬಹಳ ಮಟ್ಟಿಗೆ ತುಂಬಿತು. ಉರಿಯೂತ ನಡೆಯುವ ಜಾಗದಲ್ಲಿ ಪ್ರೊಟೀನುಗಳೊಳಗಿನ ಆರ್ಜಿನಿನ್ ಎಂಬ ಅಮೈನೊ ಆಮ್ಲ ಸಿಟ್ರುಲಿನ್ ಆಗಿ ಮಾರ್ಪಡುತ್ತದೆ; ಸಂಧಿವಾತದ ರೋಗಿಗಳ ದೇಹ ಹೀಗೆ ಮಾರ್ಪಟ್ಟ ಪ್ರೊಟೀನನ್ನು ಪರಕೀಯವೆಂದು ಭಾವಿಸಿ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ನೆದರ್ಲೆಂಡ್ಸಿನ ಸಂಶೋಧಕರು 1998ರಲ್ಲಿ ತೋರಿಸಿದ ಈ ದಾರಿಯಿಂದ ರೂಪುಗೊಂಡ ಪರೀಕ್ಷೆಯು, ಕಾಯಿಲೆ ಇರುವ ಮೂವರಲ್ಲಿ ಸುಮಾರು ಇಬ್ಬರನ್ನು ಮಾತ್ರ ಹಿಡಿದರೂ, ಕಾಯಿಲೆ ಇಲ್ಲದವರಲ್ಲಿ ನೂರಕ್ಕೆ 95ರಷ್ಟು ಮಂದಿಯನ್ನು ಸರಿಯಾಗಿ ಹೊರಗಿಡುತ್ತದೆ. ಹಿಂದೆ ಸಂಗ್ರಹಿಸಿಟ್ಟಿದ್ದ ರಕ್ತದ ಮಾದರಿಗಳನ್ನು ತೆಗೆದು ನೋಡಿದ ಅಧ್ಯಯನಗಳಲ್ಲಿ, ಕೀಲು ನೋಯುವುದಕ್ಕೆ ಹಲವು ವರ್ಷ ಮೊದಲೇ ಈ ಪ್ರತಿಕಾಯ ರಕ್ತದಲ್ಲಿ ಇದ್ದದ್ದು ಕಂಡುಬಂದಿದೆ. ಇದರ ಮಟ್ಟ ಬಹಳ ಹೆಚ್ಚಿದ್ದವರಲ್ಲಿ ಮೂಳೆ ಸವೆಯುವ ಸಾಧ್ಯತೆ ಹೆಚ್ಚು ಎಂಬುದರಿಂದ ವೈದ್ಯರು ಚಿಕಿತ್ಸೆಯನ್ನು ಬೇಗ ಬಿಗಿಗೊಳಿಸುತ್ತಾರೆ. ಧೂಮಪಾನಕ್ಕೂ ಈ ಪ್ರತಿಕಾಯಕ್ಕೂ ನಂಟಿರುವುದು ಚೆನ್ನಾಗಿ ದೃಢಪಟ್ಟಿದೆ.

ಆದರೂ ರಕ್ತವೊಂದೇ ತೀರ್ಪು ಕೊಡುವುದಿಲ್ಲ. ಅಮೆರಿಕ ಮತ್ತು ಯೂರೋಪಿನ ತಜ್ಞ ಸಂಸ್ಥೆಗಳು 2010ರಲ್ಲಿ ಜಂಟಿಯಾಗಿ ಹೊರತಂದ ಮಾನದಂಡದಲ್ಲಿ ಒಟ್ಟು 10 ಅಂಕಗಳಿದ್ದು, 6 ಬಂದರೆ ಸಂಧಿವಾತವೆಂದು ಪರಿಗಣಿಸಲಾಗುತ್ತದೆ. ಬಾವು ಅಥವಾ ನೋವಿರುವ ಕೀಲುಗಳ ಸಂಖ್ಯೆಗೆ 5 ಅಂಕಗಳವರೆಗೆ, ಪ್ರತಿಕಾಯಗಳಿಗೆ 3 ಅಂಕಗಳವರೆಗೆ ಅವಕಾಶವಿದ್ದರೆ, ಉರಿಯೂತದ ಪರೀಕ್ಷೆಗಳಿಗೂ ಆರು ವಾರಕ್ಕೆ ಮೀರಿದ ಅವಧಿಗೂ ಒಂದೊಂದೇ ಅಂಕ. ಪ್ರತಿಕಾಯದ ಮಟ್ಟ ಲ್ಯಾಬಿನ ಮಿತಿಗಿಂತ ಮೇಲಿದ್ದು ಅದರ ಮೂರು ಪಟ್ಟಿನೊಳಗಿದ್ದರೆ 2 ಅಂಕ, ಅದನ್ನು ದಾಟಿದರೆ 3. ಕಣ್ಣಿಗೆ ಕಾಣುವ, ಕೈಗೆ ಸಿಗುವ ಕೀಲುಬಾವು ಒಂದಾದರೂ ಇಲ್ಲದೆ ಈ ಲೆಕ್ಕವನ್ನು ಶುರುಮಾಡಲೇಬಾರದೆಂಬುದು ಅದರ ಮೊದಲ ಷರತ್ತು. ಎರಡೂ ಪ್ರತಿಕಾಯಗಳಿಲ್ಲದ 'ಸೀರೊನೆಗೆಟಿವ್' ಸಂಧಿವಾತವೂ ಇದೆ, ಅದಕ್ಕೂ ಇದೇ ಚಿಕಿತ್ಸೆ ಬೇಕು. ಹೀಗಾಗಿ ನೆಗೆಟಿವ್ ರಿಪೋರ್ಟನ್ನು ತೋರಿಸಿ ಊದಿದ ಗೆಣ್ಣನ್ನು ಸುಳ್ಳೆನ್ನುವುದು ಸರಿಯಲ್ಲ. ಇನ್ನೊಂದು ದಿಕ್ಕಿನ ಎಚ್ಚರವೂ ಕರ್ನಾಟಕಕ್ಕೆ ಹೊಸದಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿ ಹಬ್ಬಿದ ನಂತರ ತಿಂಗಳುಗಟ್ಟಲೆ ಉಳಿದ ಕೀಲುಬಾವು ಅನೇಕರಲ್ಲಿ ಥೇಟ್ ಸಂಧಿವಾತದಂತೆಯೇ ಇತ್ತು. ಈಗಲೂ ಮಳೆಗಾಲದ ಜ್ವರದ ಬೆನ್ನಿಗೆ ಬಂದ ಕೀಲುನೋವಿನಲ್ಲಿ ಆ ಜ್ವರದ ವಿವರವನ್ನು ವೈದ್ಯರಿಗೆ ಮೊದಲು ಹೇಳಬೇಕು.

ಕಾಯಿಲೆಯ ಹೆಸರು ಒಮ್ಮೆ ನಿಶ್ಚಯವಾದ ಬಳಿಕ ಈ ಗುಂಪಿನ ಕೆಲಸ ಬಹುತೇಕ ಮುಗಿದಂತೆ. ಔಷಧದಿಂದ ನೋವು ತಗ್ಗಿ ರೋಗಿ ಗೆಲುವಾಗಿದ್ದರೂ ಆರ್‌ಎ ಫ್ಯಾಕ್ಟರ್ ಮತ್ತು ಸಿಸಿಪಿ ಪಾಸಿಟಿವ್ ಆಗಿಯೇ ಉಳಿಯಬಹುದು. ಅದು ಚಿಕಿತ್ಸೆ ಸೋತದ್ದಕ್ಕೆ ಸಾಕ್ಷಿಯಲ್ಲ. ಮೂರು ತಿಂಗಳಿಗೊಮ್ಮೆ ಆರ್‌ಎ ಫ್ಯಾಕ್ಟರನ್ನು ಮತ್ತೆ ಮತ್ತೆ ಮಾಡಿಸುವುದು ಹಣ ಹಾಳು ಎಂದೇ ಹೇಳಬೇಕಾಗುತ್ತದೆ.

ಕಾಯಿಲೆ ಈ ಹೊತ್ತು ಎಷ್ಟು ಕೆರಳಿದೆ ಎಂಬುದನ್ನು ಹೇಳುವುದು ಇಎಸ್‌ಆರ್ ಮತ್ತು ಸಿಆರ್‌ಪಿ. ಇಎಸ್‌ಆರ್ ಎಂದರೆ ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗ. ಪೋಲೆಂಡಿನ ಎಡ್ಮಂಡ್ ಬಿಯೆರ್ನಾಟ್ಸ್ಕಿ 1897ರಲ್ಲಿ ಇದರ ಉಪಯೋಗವನ್ನು ಹೇಳಿದ್ದರೂ, ಇಂದು ಬಳಕೆಯಲ್ಲಿರುವ ರೂಪ ಸ್ವೀಡನ್ನಿನ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ವಿವರಿಸಿದ ವಿಧಾನದಿಂದ ಬಂದದ್ದು. ಹೆಪ್ಪುಗಟ್ಟದಂತೆ ಸಿಟ್ರೇಟ್ ದ್ರಾವಣ ಬೆರೆಸಿದ ರಕ್ತವನ್ನು, 200 ಮಿಲಿಮೀಟರಿನವರೆಗೆ ಗುರುತುಗಳಿರುವ ಸಪೂರ ಗಾಜಿನ ನಳಿಗೆಯಲ್ಲಿ ತುಂಬಿ, ನೆಟ್ಟಗೆ ನಿಲ್ಲಿಸಿ, ಒಂದು ಗಂಟೆ ಯಾರೂ ಮುಟ್ಟದಂತೆ ಬಿಡಲಾಗುತ್ತದೆ. ಕಣಗಳು ಕೆಳಗಿಳಿದಂತೆ ಮೇಲೆ ತಿಳಿ ಹಳದಿ ದ್ರವ ಉಳಿಯುತ್ತದೆ. ಗಂಟೆಯ ಕೊನೆಗೆ ಆ ಹಳದಿ ಭಾಗದ ಎತ್ತರ ಎಷ್ಟು ಮಿಲಿಮೀಟರೋ ಅದೇ ಇಎಸ್‌ಆರ್. ಉರಿಯೂತವಿದ್ದಾಗ ಯಕೃತ್ತು ಫೈಬ್ರಿನೊಜೆನ್ ಎಂಬ ಪ್ರೊಟೀನನ್ನು ಹೆಚ್ಚಾಗಿ ಬಿಡುವುದರಿಂದ, ಸಾಮಾನ್ಯವಾಗಿ ಒಂದನ್ನೊಂದು ದೂಡುವ ಕೆಂಪು ಕಣಗಳು ಪೇರಿಸಿಟ್ಟ ನಾಣ್ಯಗಳಂತೆ ಅಂಟಿಕೊಂಡು, ಭಾರವಾಗಿ, ಬೇಗ ಇಳಿಯುತ್ತವೆ.

ಇಷ್ಟು ಸರಳವಾದ ಪರೀಕ್ಷೆಗೆ ಅಡ್ಡಿಗಳೂ ಅಷ್ಟೇ ಇವೆ. ವಯಸ್ಸಿನೊಂದಿಗೆ ಇಎಸ್‌ಆರ್ ತಾನಾಗಿ ಏರುತ್ತದೆ. ಗಂಡಸರಲ್ಲಿ ವಯಸ್ಸಿನ ಅರ್ಧ, ಹೆಂಗಸರಲ್ಲಿ ವಯಸ್ಸಿಗೆ ಹತ್ತು ಕೂಡಿಸಿ ಅದರ ಅರ್ಧ ಎಂಬ ಒರಟು ಲೆಕ್ಕ ವೈದ್ಯರಲ್ಲಿ ರೂಢಿಯಲ್ಲಿದ್ದು, ಅದರ ಪ್ರಕಾರ 60 ವರ್ಷದ ಮಹಿಳೆಗೆ 35 ಕೂಡ ಸಹಜವೇ. ಗರ್ಭಿಣಿಯರಲ್ಲಿ ಏರುತ್ತದೆ, ರಕ್ತಹೀನತೆಯಲ್ಲಿ ಏರುತ್ತದೆ, ಮೂತ್ರದ ಸೋಂಕಿನಂಥ ಸಣ್ಣ ಕಾರಣಕ್ಕೂ ಏರುತ್ತದೆ. ಫೈಬ್ರಿನೊಜೆನ್ ರಕ್ತದಿಂದ ಮರೆಯಾಗಲು ದಿನಗಳು ಹಿಡಿಯುವುದರಿಂದ, ಕಾಯಿಲೆ ತಣಿದ ಮೇಲೂ ಅಂಕಿ ಕೆಲವು ವಾರ ಮೇಲೆಯೇ ನಿಂತಿರುತ್ತದೆ.

ಸಿಆರ್‌ಪಿ ಇದಕ್ಕಿಂತ ಚುರುಕು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಸಂಶೋಧಕರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ಈ ಪ್ರೊಟೀನನ್ನು ಯಕೃತ್ತು ಉರಿಯೂತದ ಸಂದೇಶ ಬಂದ ಕೆಲವೇ ಗಂಟೆಗಳಲ್ಲಿ ತಯಾರಿಸತೊಡಗುತ್ತದೆ. ಅದರ ಪ್ರಮಾಣ ಸುಮಾರು 19 ಗಂಟೆಗೊಮ್ಮೆ ಅರ್ಧವಾಗುವುದರಿಂದ, ಔಷಧ ನಾಟಿದೆಯೋ ಇಲ್ಲವೋ ಎಂಬುದು ಇಲ್ಲಿ ಬೇಗ ತಿಳಿಯುತ್ತದೆ. ಓದುವಾಗ ಮಾನವನ್ನು ತಪ್ಪದೆ ನೋಡಬೇಕು. ಒಂದು ಲ್ಯಾಬ್ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ, ಇನ್ನೊಂದು ಡೆಸಿಲೀಟರಿಗೆ ಇಷ್ಟು ಎಂದೂ ಬರೆಯುವುದರಿಂದ, ಒಂದೇ ರಕ್ತ ಒಂದು ಕಡೆ 24 ಆಗಿಯೂ ಇನ್ನೊಂದು ಕಡೆ 2.4 ಆಗಿಯೂ ಮುದ್ರಿತವಾಗುತ್ತದೆ. ಲ್ಯಾಬ್ ಬದಲಿಸಿದ ಮಾತ್ರಕ್ಕೆ ಕಾಯಿಲೆ ಹತ್ತು ಪಟ್ಟು ಇಳಿಯಿತೆಂದು ಹಿಗ್ಗುವುದೂ ಏರಿತೆಂದು ಕುಗ್ಗುವುದೂ ಹೀಗೆಯೇ. 'ಹೈ ಸೆನ್ಸಿಟಿವಿಟಿ' ಸಿಆರ್‌ಪಿ ಎಂಬುದು ಹೃದ್ರೋಗದ ಅಪಾಯ ಅಂದಾಜಿಸಲು ಮಾಡುವ ಪರೀಕ್ಷೆ, ಅದರ ಮಿತಿಗಳೇ ಬೇರೆ.

ಇಎಸ್‌ಆರ್, ಸಿಆರ್‌ಪಿ ಎರಡೂ ಸಹಜವಾಗಿದ್ದು ಕೀಲುಗಳು ಮಾತ್ರ ಊದಿರುವ ರೋಗಿಗಳು ಅಪರೂಪವಲ್ಲ. ಆದ್ದರಿಂದಲೇ ವೈದ್ಯರು ಬಳಸುವ ಡಿಎಎಸ್-28 ಎಂಬ ಅಳತೆಯಲ್ಲಿ, ಕೈ, ಮಣಿಕಟ್ಟು, ಮೊಣಕೈ, ಭುಜ, ಮಂಡಿ ಸೇರಿ 28 ಕೀಲುಗಳಲ್ಲಿ ಎಷ್ಟು ಊದಿವೆ, ಒತ್ತಿದರೆ ಎಷ್ಟು ನೋಯುತ್ತವೆ ಎಂಬ ಎಣಿಕೆಯ ಜೊತೆಗೆ, ರೋಗಿ ತನ್ನ ಸ್ಥಿತಿಗೆ ತಾನೇ ಕೊಡುವ ಅಂಕವೂ ಸೇರಿರುತ್ತದೆ; ರಕ್ತದ ಅಂಕಿ ಅಲ್ಲಿ ನಾಲ್ಕರಲ್ಲೊಂದು ಅಂಶ ಮಾತ್ರ. ಒಟ್ಟು 2.6ಕ್ಕಿಂತ ಕಡಿಮೆಯಾದರೆ ಕಾಯಿಲೆ ಶಮನದಲ್ಲಿದೆಯೆಂದೂ, 5.1 ದಾಟಿದರೆ ತೀವ್ರವಾಗಿದೆಯೆಂದೂ ಅರ್ಥ. ರಿಪೋರ್ಟನ್ನು ಮೊಬೈಲಿನಲ್ಲಿ ಕಳಿಸಿ ಔಷಧ ಬದಲಿಸಿಕೊಳ್ಳುವ ರೂಢಿ ಸಾಲದೆಂಬುದು ಈ ಲೆಕ್ಕದಿಂದಲೇ ಸ್ಪಷ್ಟ: ಕೀಲುಗಳನ್ನು ಒತ್ತಿ ನೋಡಲು ವೈದ್ಯರ ಬೆರಳು ಬೇಕು.

ಅಂಕಿಗಳನ್ನು ಒಂದರ ಪಕ್ಕ ಇನ್ನೊಂದನ್ನು ಇಟ್ಟು ಓದಬೇಕಾದ ಅಗತ್ಯ ರಕ್ತಹೀನತೆಯಲ್ಲಿ ಚೆನ್ನಾಗಿ ಕಾಣುತ್ತದೆ. ಊಹೆಗೆ, 45 ವರ್ಷದ ಮಹಿಳೆಯೊಬ್ಬರ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 9.4, ಇಎಸ್‌ಆರ್ 42, ಸಿಆರ್‌ಪಿ ಲೀಟರಿಗೆ 3 ಮಿಲಿಗ್ರಾಂ, ಕೆಂಪು ಕಣಗಳ ಗಾತ್ರ ಸೂಚಿಸುವ ಎಂಸಿವಿ 70, ದೇಹದ ಕಬ್ಬಿಣದ ದಾಸ್ತಾನು ಸೂಚಿಸುವ ಫೆರಿಟಿನ್ 9 ಇದ್ದು, ಕೀಲುಗಳಲ್ಲಿ ಬಾವಿಲ್ಲವೆಂದಿರಲಿ. ಇಲ್ಲಿ ಇಎಸ್‌ಆರ್ ಏರಿದ್ದಕ್ಕೆ ಸಂಧಿವಾತಕ್ಕಿಂತ ಕಬ್ಬಿಣದ ಕೊರತೆಯೇ ಕಾರಣವಿರಬಹುದು. ಹೆಚ್ಚು ಮುಟ್ಟಿನ ಸ್ರಾವವೋ, ನೋವಿನ ಮಾತ್ರೆಗಳಿಂದ ಹೊಟ್ಟೆಯಲ್ಲಿ ಆಗುತ್ತಿರುವ ರಕ್ತಸ್ರಾವವೋ ಎಂದು ಹುಡುಕಬೇಕೇ ಹೊರತು ಸಂಧಿವಾತದ ಔಷಧ ಏರಿಸಬೇಕಿಲ್ಲ. ಇನ್ನೊಬ್ಬರಲ್ಲಿ ಹಿಮೋಗ್ಲೋಬಿನ್ ಅದೇ 9.4 ಇದ್ದರೂ ಸಿಆರ್‌ಪಿ 42, ಎಂಸಿವಿ 84, ಫೆರಿಟಿನ್ 240, ಪ್ಲೇಟ್‌ಲೆಟ್ 5.2 ಲಕ್ಷ ಎಂದಿದ್ದರೆ ಕತೆಯೇ ಬೇರೆ. ಕೆರಳಿದ ಕಾಯಿಲೆ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ, ಇರುವ ಕಬ್ಬಿಣವನ್ನೇ ಬಳಕೆಗೆ ಸಿಗದಂತೆ ಕೂಡಿಹಾಕಿರುತ್ತದೆ. ಇಂಥವರಿಗೆ ಕಬ್ಬಿಣದ ಮಾತ್ರೆ ಕೊಟ್ಟರೆ ಹೆಚ್ಚೇನೂ ಆಗದು, ಕಾಯಿಲೆ ಹತೋಟಿಗೆ ಬಂದರೆ ಹಿಮೋಗ್ಲೋಬಿನ್ ತಾನೇ ಏರುತ್ತದೆ. ಉರಿಯೂತದಲ್ಲಿ ಫೆರಿಟಿನ್ ಸುಳ್ಳಾಗಿ ಏರುವುದರಿಂದ 50, 60 ಎಂಬ 'ಸಹಜ' ಅಂಕಿಯ ಹಿಂದೆಯೂ ಕೊರತೆ ಅಡಗಿರಬಹುದೆಂಬುದು ಇನ್ನೊಂದು ಸೂಕ್ಷ್ಮ.

ಮೂರನೆಯ ಗುಂಪಿನ ಪರೀಕ್ಷೆಗಳಿಗೆ ಕೀಲಿನೊಂದಿಗೆ ನೇರ ಸಂಬಂಧವಿಲ್ಲದ ಕಾರಣ ರೋಗಿಗಳು ಮೊದಲು ಬಿಟ್ಟುಬಿಡುವುದು ಇವನ್ನೇ. ಪ್ರಾಣ ಉಳಿಸುವ ಪರೀಕ್ಷೆಗಳು ಮಾತ್ರ ಇವೇ. ಸಂಧಿವಾತದ ಮುಖ್ಯ ಔಷಧವಾದ ಮೆತೊಟ್ರೆಕ್ಸೇಟ್ ಮೂಳೆಮಜ್ಜೆಯ ಮೇಲೂ ಯಕೃತ್ತಿನ ಮೇಲೂ ಪರಿಣಾಮ ಬೀರಬಲ್ಲದು, ಮತ್ತು ಅದು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಆದ್ದರಿಂದ ರಕ್ತಕಣಗಳ ಎಣಿಕೆಯಾದ ಸಿಬಿಸಿ, ಯಕೃತ್ತಿನ ಎಸ್‌ಜಿಪಿಟಿ ಮತ್ತು ಎಸ್‌ಜಿಒಟಿ, ಮೂತ್ರಪಿಂಡದ ಕ್ರಿಯಾಟಿನಿನ್ ಇವುಗಳನ್ನು ಒಟ್ಟಿಗೆ ನೋಡಲಾಗುತ್ತದೆ. ಬ್ರಿಟನ್ನಿನ ರುಮಟಾಲಜಿ ತಜ್ಞರ ಸಂಘದ 2017ರ ಮಾರ್ಗಸೂಚಿಯಂತೆ, ಔಷಧದ ಪ್ರಮಾಣ ಸ್ಥಿರವಾಗಿ ಆರು ವಾರ ಆಗುವವರೆಗೆ ಎರಡು ವಾರಕ್ಕೊಮ್ಮೆ, ನಂತರ ಮೂರು ತಿಂಗಳು ತಿಂಗಳಿಗೊಮ್ಮೆ, ಆಮೇಲೆ 12 ವಾರಕ್ಕೊಮ್ಮೆಯಾದರೂ ಪರೀಕ್ಷೆ ಆಗಬೇಕು. ಬಿಳಿ ರಕ್ತಕಣ 3,500ಕ್ಕಿಂತ, ಪ್ಲೇಟ್‌ಲೆಟ್ 1.4 ಲಕ್ಷಕ್ಕಿಂತ ಇಳಿದರೆ, ಎಸ್‌ಜಿಪಿಟಿ ಅಥವಾ ಎಸ್‌ಜಿಒಟಿ 100 ದಾಟಿದರೆ, ಕ್ರಿಯಾಟಿನಿನ್ ವರ್ಷದೊಳಗೆ ಶೇಕಡಾ 30ಕ್ಕಿಂತ ಹೆಚ್ಚು ಏರಿದರೆ ತಜ್ಞರನ್ನು ಕೂಡಲೇ ಸಂಪರ್ಕಿಸಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಮಿತಿಗಿಂತ ತುಸು ಮೇಲಿರುವ, 48 ಅಥವಾ 55ರಂಥ ಎಸ್‌ಜಿಪಿಟಿ ಕಂಡು ಔಷಧವನ್ನು ತಾವಾಗಿ ನಿಲ್ಲಿಸುವ ಕಾರಣವಿಲ್ಲ. ವಾರಕ್ಕೊಮ್ಮೆಯ ಮಾತ್ರೆ ಸೇವಿಸಿದ ಒಂದೆರಡು ದಿನ ಈ ಅಂಕಿ ತಾತ್ಕಾಲಿಕವಾಗಿ ಏರುವುದರಿಂದ, ಮುಂದಿನ ಮಾತ್ರೆಗೆ ಒಂದೆರಡು ದಿನ ಮುಂಚೆ ರಕ್ತ ಕೊಡುವುದು ಮೇಲು. ಜೊತೆಗೆ ಕೊಡುವ ಫೋಲಿಕ್ ಆ್ಯಸಿಡ್ ಈ ಏರಿಕೆಯನ್ನೂ ಬಾಯಿಹುಣ್ಣನ್ನೂ ತಗ್ಗಿಸುತ್ತದೆ.

ರಕ್ತಕಣಗಳು ಒಮ್ಮೆಲೇ ಕುಸಿಯುವ ಗಂಭೀರ ಪ್ರಸಂಗಗಳ ಹಿಂದೆ ಹಲವು ಸಲ ಎರಡು ತಪ್ಪುಗಳಿರುತ್ತವೆ. ವಾರಕ್ಕೊಮ್ಮೆ ನುಂಗಬೇಕಾದ ಮೆತೊಟ್ರೆಕ್ಸೇಟನ್ನು ದಿನವೂ ನುಂಗುವುದು ಮೊದಲನೆಯದು. ಮೂತ್ರದ ಸೋಂಕಿಗೋ ಭೇದಿಗೋ ಬೇರೊಬ್ಬ ವೈದ್ಯರಲ್ಲಿ ಹೋಗಿ, ಈ ಔಷಧದ ವಿಷಯ ಹೇಳದೆ, ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಜಾತಿಯ ಆ್ಯಂಟಿಬಯಾಟಿಕ್ ಬರೆಸಿಕೊಳ್ಳುವುದು ಎರಡನೆಯದು. ಎರಡೂ ಸಾವಿಗೆ ಕಾರಣವಾಗಿರುವುದುಂಟು.

ಉಳಿದ ಔಷಧಗಳ ವಿಚಾರ ಚಿಕ್ಕದು. ಲೆಫ್ಲುನೊಮೈಡಿಗೂ ಸಲ್ಫಾಸಲಜೀನಿಗೂ ಇದೇ ಬಗೆಯ ಪರೀಕ್ಷೆಗಳು ಬೇಕು. ಹೈಡ್ರಾಕ್ಸಿಕ್ಲೊರೊಕ್ವಿನ್ನಿಗೆ ಮುಖ್ಯವಾಗಿ ಕಣ್ಣಿನ ತಪಾಸಣೆ ಬೇಕು. ಸ್ಟೀರಾಯ್ಡ್ ಸೇವಿಸುವವರಲ್ಲಿ ಸೋಂಕಿಲ್ಲದೆಯೂ ಬಿಳಿ ರಕ್ತಕಣ ಹೆಚ್ಚುತ್ತದೆ, ಸಕ್ಕರೆ ಅಂಶ ಏರುತ್ತದೆ. ಬಯಾಲಜಿಕ್ ಚುಚ್ಚುಮದ್ದು ಶುರುಮಾಡುವ ಮೊದಲು ಅಡಗಿರುವ ಕ್ಷಯ ಮತ್ತು ಹೆಪಟೈಟಿಸ್ ಬಿ, ಸಿ ಪರೀಕ್ಷೆ ಭಾರತದಂಥ ದೇಶದಲ್ಲಿ ಬಿಡುವಂತೆಯೇ ಇಲ್ಲ. ಒಂದು ವಿಶೇಷ ಮಾತ್ರ ಹೇಳಬೇಕು: ಟೊಸಿಲಿಜುಮ್ಯಾಬ್ ಎಂಬ ಔಷಧ ಯಕೃತ್ತಿಗೆ ಸಿಆರ್‌ಪಿ ತಯಾರಿಸುವ ಸಂದೇಶವನ್ನೇ ತಡೆಯುವುದರಿಂದ, ಅದನ್ನು ಪಡೆಯುತ್ತಿರುವವರಿಗೆ ನ್ಯುಮೋನಿಯಾ ಆಗಿದ್ದರೂ ಸಿಆರ್‌ಪಿ ಸಹಜವೆಂದೇ ಬರಬಹುದು.

ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ರಿಪೋರ್ಟುಗಳನ್ನು ದಿನಾಂಕದ ಕ್ರಮದಲ್ಲಿ ಇಟ್ಟು, ಪ್ರತಿಯೊಂದರ ಮೇಲೆ ಆ ಹೊತ್ತಿನ ಔಷಧದ ಪ್ರಮಾಣವನ್ನೂ ಆ ವಾರ ಜ್ವರ, ನೆಗಡಿ, ಗಾಯವೇನಾದರೂ ಇತ್ತೇ ಎಂಬುದನ್ನೂ ಬರೆದಿಟ್ಟರೆ, ವೈದ್ಯರಿಗೆ ಒಂಟಿ ಅಂಕಿಗಿಂತ ಅದರ ಏರಿಳಿತದ ದಾರಿ ಕಾಣುತ್ತದೆ. ಮೆತೊಟ್ರೆಕ್ಸೇಟ್ ಸೇವಿಸುತ್ತಿರುವವರಿಗೆ ಜ್ವರ, ಬಾಯಿತುಂಬ ಹುಣ್ಣು, ಮೈಮೇಲೆ ಕಾರಣವಿಲ್ಲದ ಕೆಂಪು ಚುಕ್ಕೆ, ಒಣಕೆಮ್ಮಿನೊಂದಿಗೆ ಏದುಸಿರು ಇವುಗಳಲ್ಲಿ ಯಾವುದು ಕಾಣಿಸಿಕೊಂಡರೂ, ಮುಂದಿನ ಪರೀಕ್ಷೆಯ ದಿನಾಂಕಕ್ಕೆ ಕಾಯದೆ, ಆ ವಾರದ ಮಾತ್ರೆಯನ್ನು ತಡೆದು, ಅದೇ ದಿನ ವೈದ್ಯರನ್ನು ಕಂಡು ಸಿಬಿಸಿ ಮಾಡಿಸಬೇಕು.